ನಡುಹೊಳೆಯ ಗೆರೆ

ಎಡಗಾಲಿನ ಹೆಬ್ಬೆರಳು ತೊಳೆದು ಪಕ್ಕದ ಬೆರಳಿಗೆ ಬಂದಾಗ ದಾಕ್ಷಾಯಣಿಯ ಕೈ ನಿಂತಿತು. ಗಂಡನ ಬೆರಳ ಸಂದಿಯಲ್ಲಿ ಮರಳಿತ್ತು. ಬೆಳ್ಳಗಿನ, ಸಣ್ಣನೆಯ, ಸಕ್ಕರೆಯಂಥ ಮರಳು. ತಂಬಿಗೆ ಕೆಳಗಿಟ್ಟು ಬಲಗಾಲನ್ನೂ ಬಿಡಿಸಿ ನೋಡಿದಳು. ಅಲ್ಲೂ ಇತ್ತು.

"ಯಾಕ್ರೀ ಅಕ್ಕಾರ, ಏನಾತು?" ನೀರು ಹಾಕುತ್ತಿದ್ದ ವನಮಾಲಾ ಬಗ್ಗಿದಳು. ಪಕ್ಕದ ಮನೆಯವಳು, ಧಾರವಾಡದ ಕಡೆಯವಳು. ಇಡೀ ಗಲ್ಲಿಯ ಸುದ್ದಿ ಅವಳ ಮನೆಯ ಹೊಸ್ತಿಲು ತುಳಿಯದೆ ಮುಂದೆ ಹೋಗುತ್ತಿರಲಿಲ್ಲ.

"ಏನಿಲ್ಲ. ನೀ ನೀರು ಹಾಕು."

ಕಾಶಿಯ ಜಂಗಮವಾಡಿಯಲ್ಲಿ ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಕಾಲಿಗೆ ಏನು ಎಲ್ಲಿ ಅಂಟುತ್ತದೆಂಬುದು ಗೊತ್ತು. ಗಲ್ಲಿಯಲ್ಲಿ ನಡೆದರೆ ಸಗಣಿ, ಘಾಟಿನ ಮೆಟ್ಟಿಲಿಳಿದರೆ ಕರಿ ಕೆಸರು. ಬಿಳಿ ಮರಳಿರುವುದು ಗಂಗೆಯ ಆಚೆ ದಡದಲ್ಲಿ ಮಾತ್ರ. ಆಚೆ ದಡದಲ್ಲಿ ಸತ್ತವರು ಮುಂದಿನ ಜನ್ಮಕ್ಕೆ ಕತ್ತೆಯಾಗುತ್ತಾರೆ ಎಂಬುದು ಈಚೆ ದಡದ ಕೂಸಿಗೂ ಗೊತ್ತು. "ಇಲ್ಲಿ ಸತ್ತರ ಶಿವನೇ ಬಂದು ಕಿವ್ಯಾಗ ಮಂತ್ರ ಹೇಳತಾನ. ಅಲ್ಲಿ ಸತ್ತರ ಕಿವಿನೇ ಉದ್ದಾಗತಾವ" ಎಂದು ಒಂದು ಕಾಲದಲ್ಲಿ ಗಂಡ ಗುರುಶಾಂತಯ್ಯನವರೇ ಹೇಳಿ, ಕೈಗಳೆರಡನ್ನೂ ತಲೆಯ ಮೇಲೆ ನಿಲ್ಲಿಸಿ ಅಲ್ಲಾಡಿಸಿ, ಮಠಕ್ಕೆ ಬಂದ ಯಾತ್ರಿಕರನ್ನು ನಗಿಸುತ್ತಿದ್ದರು.

ಆದರೆ ನಿನ್ನೆ, ಸೋಮವಾರ ಸಂಜೆ, ಅವರ ಹೆಣ ತಂದ ಪ್ರೊಫೆಸರ್ ಪ್ರಭಾಕರ ಹೇಳಿದ್ದೇ ಬೇರೆ. ದೋಣಿಯಿಂದ ಕೆಳಗೆ ಇಳಿಯಲೇ ಇಲ್ಲವಂತೆ. ಸುಮ್ಮನೆ ಗಾಳಿಗೆ ಹೋಗಿ ಈ ಕಡೆಗೇ ತಿರುಗಿದ್ದರಂತೆ. "ನಡುಹೊಳೆ ದಾಟಿದ್ದೆವು, ಅಮ್ಮ. ಕೇದಾರಘಾಟಿನ ಆರತಿ ಗಂಟೆ ಕೇಳ್ತಿತ್ತು. ಒಂದು ಸಲ ಶಿವಾ ಅಂದರು, ಅಷ್ಟೇ."

ಇಳಿಯದವರ ಕಾಲಿಗೆ ಮರಳೇನು ಈಜಿ ಬಂತೇ?

ದಾಕ್ಷಾಯಣಿ ಬೆರಳ ಸಂದಿಯನ್ನು ತೊಳೆಯದೆ ಹಾಗೇ ಬಿಟ್ಟು, ಪಾದದ ಮೇಲೆ ಶಲ್ಯ ಎಳೆದಳು.

*

ಅತ್ತೆ ಬಸಲಿಂಗಮ್ಮ ಅಫಜಲಪುರದ ಕಡೆಯಿಂದ ಕಾಶಿಗೆ ಬಂದಿದ್ದು ಸಾಯಲಿಕ್ಕೆ. ಬಂದವಳು ಎರಡು ವರ್ಷ ಸಾಯಲಿಲ್ಲ. ಮೇಲಾಗಿ ಈ ಊರಿನ ಹಾಲು ಮಲಾಯಿಗೆ ಮೈಕೈ ತುಂಬಿಕೊಂಡಳು. ದಿನಾ ಬೆಳಿಗ್ಗೆ ಎದ್ದು, "ಇವತ್ತೂ ಎದ್ದೆನಲ್ಲೋ" ಎಂದು ಮಗನನ್ನು ಬೈಯುತ್ತಿದ್ದಳು.

ಗುರುಶಾಂತಯ್ಯನವರು ಶಾಲೆಯಲ್ಲಿ ಭೂಗೋಳ ಕಲಿಸುವವರು. ಘಾಟಿನಲ್ಲಿ ಮಾರುವ ಯಾತ್ರೆಯ ನಕ್ಷೆಗಳನ್ನು ತಂದು ಗೋಡೆಗೆ ಅಂಟಿಸುತ್ತಿದ್ದರು. ತ್ರಿಶೂಲದ ತುದಿಯ ಮೇಲೆ ಕಾಶಿ, ಸುತ್ತ ಐದು ಕ್ರೋಶದ ದುಂಡು ಗೆರೆ, ಗೆರೆಯ ಹೊರಗೆ ಖಾಲಿ ಕಾಗದ.

"ಈ ಗೆರಿ ಹೊಳ್ಯಾಗ ಎಲ್ಲದ, ತೋರ್ಸವಾ" ಎಂದು ತಾಯಿಯನ್ನು ಕೆಣಕುವರು. "ಈ ದಡದವರೆಲ್ಲ ದೇವರು, ಆ ದಡದವರೆಲ್ಲ ದಡ್ಡರು ಅಂತ ನೀರಿನ ಮ್ಯಾಲ ಯಾರು ಬರದಾರ?"

"ನಿನ್ನ ಪುಸ್ತಕದಾಗ ಭೂಮಿಗೆ ನಡಕಟ್ಟು ಬಿಗದಾರಲ್ಲ, ಅದನ್ಯಾರು ನೋಡ್ಯಾರಪಾ?"

"ಭೂಮಧ್ಯರೇಖೆ? ಅದು ಕಲ್ಪನಾದ್ದು."

"ಹಂಗಾರ ನಂದೂ ಇರ್ಲಿ ಬಿಡು."

ಒಂದು ಚಳಿಗಾಲದ ಸೋಮವಾರ, ಆಚೆಯ ರಾಮನಗರದ ಕೋಟೆ ತೋರಿಸುತ್ತೇನೆಂದು ಅವರು ತಾಯಿಯನ್ನು ಪುಸಲಾಯಿಸಿ ದೋಣಿ ಹತ್ತಿಸಿದರು. "ದಿನಾ ಎದ್ದು ಬೈತಿ. ಇವತ್ತೊಂದಿನ ಅಲ್ಲಿ ಸಾಯಂಗಿಲ್ಲ ಬಾ" ಎಂದದ್ದು ದಾಕ್ಷಾಯಣಿಗೆ ಇನ್ನೂ ಕಿವಿಯಲ್ಲಿತ್ತು. ಸಂಜೆ ಹೆಣದೊಂದಿಗೆ ಬಂದರು. ಬಾಗಿಲಲ್ಲೇ ನಿಂತು, ಪಾಠ ಒಪ್ಪಿಸುವವರ ಹಾಗೆ ಹೇಳಿದರು: "ನಡುಹೊಳಿ ದಾಟಿದ್ದೆವು. ಕೇದಾರಘಾಟಿನ ಆರತಿ ಗಂಟಿ ಕೇಳತಿತ್ತು. ಅವ್ವ ಒಂದು ಸಲ ಶಿವಾ ಅಂದಳು, ಅಷ್ಟ."

ಇದಾಗಿ ಹತ್ತೊಂಬತ್ತು ವರ್ಷ. ಅಂದಿನಿಂದ ಅವರು ಕಿವಿ ಅಲ್ಲಾಡಿಸಲಿಲ್ಲ. ಅಂದಿನಿಂದಲೇ ಸೋಮವಾರ ಮಧ್ಯಾಹ್ನ ಮನೆಯಲ್ಲಿ ನಿಲ್ಲಲೂ ಇಲ್ಲ. "ಲೈಬ್ರರಿ" ಎನ್ನುವರು. ದಾಕ್ಷಾಯಣಿ ಒಮ್ಮೆ ಹಿಂದೆಯೇ ಹೋಗಿ ನೋಡಿದ್ದಳು. ಲೈಬ್ರರಿಗೆ ಸೋಮವಾರ ರಜೆ. ಅಂಗಿ ಮೂಸಿದ್ದಳು; ಮಲ್ಲಿಗೆಯಲ್ಲ, ಅತ್ತರಲ್ಲ, ಹೊಳೆಯ ನೀರಿನ ವಾಸನೆ. ಹೊಳೆಯಂಥ ಹೆಂಗಸು ಯಾರಿರಬಹುದು ಎಂದು ಶಿವಾಲದಿಂದ ಭೇಲೂಪುರದ ತನಕ ಪರಿಚಯದ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದ್ದಳು. ಕೇಳಲು ಮಾತ್ರ ಬಾಯಿ ಬಂದಿರಲಿಲ್ಲ.

*

ಗುರುಶಾಂತಯ್ಯನವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟಿದ್ದರು. ಯಾರಾದರೂ ಏನಾದರೂ ಅಂದರೆ ಈಗಲೇ ಒಂದು ತಮಾಷೆ ಒಗೆಯುವವರ ಹಾಗೆ ಕೂತಿದ್ದರು. ಚೆಂಡುಹೂವಿನ ಹಾರ ಹಾಕಿ, ಕಣ್ಣೊರೆಸಿಕೊಂಡು ಹೊರಟ ಮುನ್ನಾ ಸಾಹನಿಯನ್ನು, ನಿನ್ನೆಯ ದೋಣಿಯ ಅಂಬಿಗನನ್ನು, ದಾಕ್ಷಾಯಣಿ ಮೆಟ್ಟಿಲ ಬಳಿ ಹಿಡಿದಳು. ಅವನ ಜೊತೆ ಅವಳದು ಹಿಂದಿ, ಅವನದು ಅರ್ಧ ಭೋಜಪುರಿ.

"ಮುನ್ನಾ, ಬಾಬೂಜಿ ಎಲ್ಲಿ ತೀರಿಕೊಂಡರು?"

"ಬೀಚ ಧಾರ ಪಾರ ಕಇಕೇ, ಅಮ್ಮಾಜಿ. ಕೇದಾರಘಾಟ ಪರ ಆರತೀ ಕ ಘಂಟಾ ಬಜತ ರಹಲ."

"ಶಿವಾ ಅಂದರೋ?"

"ಹಾಂ, ಏಕ ಬಾರ. ಬಸ್."

ನಡುಹೊಳೆ, ಆರತಿಯ ಗಂಟೆ, ಶಿವಾ: ಪ್ರೊಫೆಸರು ಹೇಳಿದ್ದೇ. ಒಂದೇ ಉತ್ತರವನ್ನು ಇಬ್ಬರು ಹುಡುಗರು ಬರೆದರೆ ಮಾಸ್ತರಿಗೆ ಅನುಮಾನ ಬರುತ್ತದೆ. ಒಂದೇ ತಪ್ಪನ್ನು ಬರೆದರೆ ಅನುಮಾನವೇ ಉಳಿಯುವುದಿಲ್ಲ. ಆರತಿ ಆಗುವುದು ಸಂಜೆ ಆರೂವರೆಗೆ. ನಿನ್ನೆ ಹೆಣ ಮನೆಗೆ ಬಂದಾಗ ಗಂಟೆ ಐದು. ಅವಳು ಆಗಷ್ಟೇ ಚಹಾಕ್ಕೆ ನೀರಿಟ್ಟಿದ್ದಳು. ಬಾರಿಸದ ಗಂಟೆಯನ್ನು ಇಬ್ಬರೂ ಕೇಳಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಇನ್ನೊಬ್ಬರೂ ಕೇಳಿದ್ದರು.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ," ವನಮಾಲಾ ಹಿಂದೆಯೇ ಬಂದು ದನಿ ತಗ್ಗಿಸಿದಳು. "ಮಂದಿ ಏನೇನೋ ಅನ್ನಾಕ ಹತ್ಯಾರ. ದೋಣಿ ಖರೇನ ಈ ಕಡಿಗೇ ಇತ್ತೇನ್ರಿ?"

"ಮಂದಿ ಅಂದ್ರ ಯಾರು? ನೀನ ಅಲ್ಲೇನು?"

*

ಸುಡುವ ಊರಿನಲ್ಲಿ ಹೂಳುವವರದು ದೊಡ್ಡ ಪಾಡು. ಶವವಾಹನದ ಡ್ರೈವರ್ ಕೂತ ಹೆಣ ನೋಡಿ ಒಮ್ಮೆ ಬೆಚ್ಚಿದ. ಆಮೇಲೆ ಅಭ್ಯಾಸಬಲದಿಂದ ಗಾಡಿಯನ್ನು ಹರಿಶ್ಚಂದ್ರಘಾಟಿನ ಕಡೆಗೇ ತಿರುಗಿಸಿದ. ಮಠದ ಶಿವಬಸಯ್ಯನವರು ಕಿಟಕಿಯಿಂದ ಕೈ ಹಾಕಿ, "ಅರೇ ಭೈಯಾ, ಹಮ್ ಗಾಡನೇವಾಲೇ!" ಎಂದು ಕೂಗಿದ ಮೇಲೆ ಊರ ಹೊರಗಿನ ದಾರಿ ಹಿಡಿದ.

ಸಮಾಜದ ಸಣ್ಣ ಜಾಗದಲ್ಲಿ ಗುಂಡಿ ಇನ್ನೂ ಅಗೆಯುತ್ತಿದ್ದರು. ಪ್ರಭಾಕರ ಗುಂಪಿನಿಂದ ದೂರ, ಬೇವಿನ ನೆರಳಿನಲ್ಲಿ ನಿಂತಿದ್ದರು. ಮೈಸೂರಿನವರು, ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ. ಗುರುಶಾಂತಯ್ಯನವರು ಅವರ "ಏನ್ ಸ್ವಾಮಿ, ಚೆನ್ನಾಗಿದೀರಾ" ಎಂಬ ರಾಗವನ್ನು ಅವರೆದುರೇ ಅಣಕಿಸುತ್ತ ಗೆಳೆತನ ಬೆಳೆಸಿದ್ದರು. ದಾಕ್ಷಾಯಣಿ ನೇರ ಅವರ ಮುಂದೆ ಹೋಗಿ ನಿಂತಳು. ಗಂಡನ ಬಗ್ಗೆ ಕೇಳುತ್ತಾಳೆಂದು ಅವರು ಉತ್ತರ ಸಿದ್ಧಮಾಡಿಕೊಂಡರು.

"ನಮ್ಮತ್ತಿ ಎಲ್ಲಿ ಸತ್ತಳ್ರಿ?"

ಈ ಪ್ರಶ್ನೆಗೆ ಪ್ರೊಫೆಸರು ತಯಾರಾಗಿರಲಿಲ್ಲ.

"ರಾಮನಗರದಲ್ಲಿ," ಎಂದರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ಕಚ್ಚಿ ಪ್ರಯೋಜನವಿಲ್ಲವೆಂದು ಕಂಡು, "ಲಸ್ಸಿ ಅಂಗಡಿ ಕಟ್ಟೆ ಮೇಲೆ," ಎಂದು ಸೇರಿಸಿದರು.

"ಮತ್ತ ಇವರು?"

ಪ್ರಭಾಕರ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. "ಬೆಳಿಗ್ಗೆಯಿಂದ ಕೊಡಲೋ ಬೇಡವೋ ಅಂತ ಇಟ್ಕೊಂಡಿದೀನಿ. ನಮ್ಮ ಒಂದು ಅಧ್ಯಯನ, ಅಮ್ಮ. ಜನರ ಮನಸ್ಸಿನಲ್ಲಿ ಊರು ಹೇಗಿದೆ ಅಂತ. ನಲವತ್ತು ಮಂದಿ ಹತ್ರ ಕಾಶಿ ಬರೆಸಿದೆ. ಎಲ್ಲರೂ ಘಾಟು, ಗುಡಿ, ಗಲ್ಲಿ ಬರೆದರು. ಆಚೆ ದಡ ಒಬ್ಬರೂ ಬರೀಲಿಲ್ಲ. ದಿನಾ ಕಣ್ಣೆದುರಿಗೇ ಇರತ್ತೆ, ಆದ್ರೂ ಖಾಲಿ ಬಿಟ್ಟರು. ಇವರು ಬರೆದದ್ದು ಇದು."

ಕಾಗದದ ಒಂದು ಅಂಚಿನಲ್ಲಿ ಗೀಟೆಳೆದು ಬಿಟ್ಟಿದ್ದರು. ಕಾಶಿ ಅಂದರೆ ಅಷ್ಟೇ. ಆಮೇಲೆ ಹೊಳೆ. ಹೊಳೆಯಾಚೆ ಎಲ್ಲವೂ ಇತ್ತು: ಕಾಲುದಾರಿ, ಕೋಟೆಯ ಗೋಡೆ, ಒಂದು ಅಂಗಡಿ, ಅಂಗಡಿಗೆ ಕಟ್ಟೆ, ಕಟ್ಟೆಯ ಮೇಲೊಂದು ಚುಕ್ಕೆ. ಚುಕ್ಕೆಯ ಪಕ್ಕ ಮಾಸ್ತರರ ದುಂಡು ಅಕ್ಷರದಲ್ಲಿ "ಅವ್ವ".

"ಪ್ರತಿ ಸೋಮವಾರ ಅಲ್ಲಿ ಹೋಗಿ ಕೂತಿರೋರು. ನಾನು ಕೇಳಿದೆ, ಏನ್ ಸ್ವಾಮಿ, ನೀವೂ ನಂಬ್ತೀರಾ ಅಂತ. ಅದಕ್ಕೆ..." ಮುಂದಿನದು ಗೆಳೆಯನದೇ ದನಿಯಲ್ಲಿ ಬಂತು. "'ನಾ ನಂಬಂಗಿಲ್ಲ ಪ್ರೊಫೆಸರ್ರೇ. ನಂಬಿದಾಕಿ ಅಕಿ. ಜೀವ ಹೋಗೂ ಮುಂದ ಕಾಶಿ ದಡ ನೋಡಕೋತ ಹ್ವಾದಳು. ನನ್ನ ಕೈಬೆರಳು ಹಿಡಕೊಂಡು, ಎತ್ತು ನನ್ನ, ಎತ್ತು ಅಂದಳು. ನಾ ಎತ್ತೂದ್ರಾಗ...' ಅಂದರು. ಡಾಕ್ಟರು ಎದೆ ವಿಷಯ ಹೇಳಿದ ಮೇಲೆ ನನಗೂ ಮುನ್ನಾಗೂ ಆ ಮಾತು ಬಾಯಿಪಾಠ ಮಾಡಿಸಿದರು. ನಡುಹೊಳೆ, ಗಂಟೆ, ಶಿವಾ. ನಿಮಗೋಸ್ಕರ. ನಿನ್ನೆ ಇವರು ಹೋದದ್ದೂ ಆ ಕಟ್ಟೆ ಮೇಲೇನೇ. ಎದೆನೋವು ಶುರುವಾದಾಗ ವಾಪಸ್ ಹೋಗೋಣ ಅಂತ ನಾನು ತೋಳು ಹಿಡಿದೆ. ಕೈ ಬಿಡಿಸಿಕೊಂಡರು."

ದಾಕ್ಷಾಯಣಿ ಕಾಗದವನ್ನು ಮತ್ತೆ ನೋಡಿದಳು. ಈ ದಡದ ಗೀಟಿನ ಮೇಲೆ ಅವಳ ಮನೆಯಿರಲಿಲ್ಲ.

"ಅಕಿ ಒಬ್ಬಾಕಿ ಆಗಬಾರ್ದು ಅಂತ ಹೋದರು. ಆತು. ನಾ ಈ ದಡದಾಗ ಸಾಯಾಕಿ. ಹಂಗಾದ್ರ ನಾ ಎಲ್ಲಿ, ಇವರೆಲ್ಲಿ? ಅದನ್ನ ಬರಸ್ಲಿಲ್ಲೇನ್ರಿ ನೀವು?"

ಅಷ್ಟರಲ್ಲಿ ಗುಂಡಿಯ ಕಡೆಯಿಂದ ಕರೆ ಬಂತು. ಗುರುಶಾಂತಯ್ಯನವರನ್ನು ಗುಂಡಿಯ ಗೂಡಿನೊಳಗೆ ಕೂರಿಸಿ, ಬಿಲ್ವಪತ್ರೆ, ವಿಭೂತಿಗಟ್ಟಿ ತುಂಬಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಶಿವಬಸಯ್ಯನವರು ಮಠದ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದರು.

"ತಾಯಿ, ಲಿಂಗೈಕ್ಯರಾದ ಸ್ಥಳ ಏನಂತ ಬರಕೊಳ್ಳಲಿ? ನಮಗೇನು ಈ ದಡ ಆ ದಡ ಭೇದಿಲ್ಲ. ಆದ್ರೂ ಪುಸ್ತಕದಾಗ ಒಂದು ಕಾಲಂ ಅದ."

ಮಣ್ಣು ಕೊಡವಿಕೊಳ್ಳುತ್ತಿದ್ದ ಕೈಗಳೆಲ್ಲ ನಿಂತವು. ವನಮಾಲಾ ಸೆರಗನ್ನು ಕಿವಿಯ ಹಿಂದೆ ಸರಿಸಿಕೊಂಡಳು. ಪ್ರಭಾಕರ, ಮುನ್ನಾ ಇಬ್ಬರೂ ದಾಕ್ಷಾಯಣಿಯ ಬಾಯನ್ನೇ ನೋಡಿದರು.

"ಬರಕೊಳ್ರಿ," ಎಂದಳು. "ನಡುಹೊಳಿ ದಾಟಿದ್ದರು. ಒಂದು ಸಲ ಶಿವಾ ಅಂದರು."

"ಗಂಟಿ ಕೇಳ್ತಿತ್ತಂತಲ್ರೀ ಅಕ್ಕಾರ?" ವನಮಾಲಾ ತಡೆಯದೆ ಕೇಳಿದಳು.

"ಇಲ್ಲ. ಗಂಟಿ ಇನ್ನೂ ಆಗಿದ್ದಿಲ್ಲ."

ಯಾವ ಕಡೆಯಿಂದ ಯಾವ ಕಡೆಗೆ ದಾಟಿದ್ದರು ಎಂದು ಯಾರೂ ಕೇಳಲಿಲ್ಲ. ಶಿವಬಸಯ್ಯನವರು "ಕಾಶಿ" ಎಂದು ಬರೆದು ಪುಸ್ತಕ ಮುಚ್ಚಿದರು. "ನಮಗ ಸೂತಕ ಇಲ್ಲ. ಎಲ್ಲಾರೂ ಕೈಕಾಲು ತೊಳಕೊಂಡು ನಿಮ್ಮ ನಿಮ್ಮ ಕೆಲಸಕ್ಕ ಹೋಗ್ರಿ" ಎಂದರು.

ಹೆಂಗಸರು ಕೈಕಾಲು ತೊಳೆಯಲು ಘಾಟಿಗೆ ಬಂದಾಗ ಬಿಸಿಲು ಇಳಿದಿತ್ತು. ವನಮಾಲಾ ಪಾದ ತಿಕ್ಕಿಕೊಂಡು ತಲೆ ಎತ್ತುವಷ್ಟರಲ್ಲಿ ದಾಕ್ಷಾಯಣಿ ಮುನ್ನಾನ ದೋಣಿಯಲ್ಲಿ ಕೂತಾಗಿತ್ತು, ದೋಣಿ ಮೆಟ್ಟಿಲು ಬಿಟ್ಟಾಗಿತ್ತು.

"ಅಕ್ಕಾರ! ಎಲ್ಲಿಗ್ರೀ?"

ಅವಳು ತಿರುಗಲಿಲ್ಲ. ಮಧ್ಯಕ್ಕೆ ಬಂದಾಗ ಮುನ್ನಾ ರೂಢಿಯಂತೆ ಹುಟ್ಟು ಎತ್ತಿ, ಯಾತ್ರಿಕರಿಗೆ ಕಾಶಿಯ ಗೆರೆ ತೋರಿಸುವ ಹಾಗೆ ನೀರಿನ ಕಡೆ ಬೆರಳು ಮಾಡಲು ಹೋದ. ಅವಳ ಮುಖ ನೋಡಿ ಕೈ ಇಳಿಸಿದ. ದೋಣಿ ಒಂದು ಗಳಿಗೆ ಎತ್ತಲೂ ಹೋಗದೆ ಮೆಲ್ಲಗೆ ತಿರುಗಿತು.

"ಚಲಾವ್," ಎಂದಳು ದಾಕ್ಷಾಯಣಿ.

ದಡ ಇನ್ನೂ ದೂರವಿತ್ತು. ಆಗಲೇ ಅವಳು ಚಪ್ಪಲಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಸೀರೆಯ ನಿರಿಗೆಯನ್ನು ಒಂದು ಗೇಣು ಮೇಲಕ್ಕೆ ಸಿಕ್ಕಿಸಿದಳು.