ಮೊಟ್ಟೆ ಇಲ್ಲ, ಅಷ್ಟು ಸಾಕೇ?

ಅಂಗಡಿಯಲ್ಲಿ ಒಂದು ಪೊಟ್ಟಣ ಕೈಗೆತ್ತಿಕೊಂಡರೆ ನಮ್ಮವರು ಮೊದಲು ಹುಡುಕುವುದು ಏನನ್ನು? ಮೊಟ್ಟೆಯನ್ನು. ಆಮೇಲೆ ಪ್ರಾಣಿಗಳ ಎಲುಬು ಚರ್ಮದಿಂದ ತೆಗೆಯುವ ಜೆಲಟಿನ್. ಆಮೇಲೆ ಹಂದಿ ಕೊಬ್ಬು. ಇವು ಇಲ್ಲವೆಂದರೆ ಪೊಟ್ಟಣ ಬುಟ್ಟಿಗೆ ಬಿತ್ತೆಂದೇ ಲೆಕ್ಕ. ಲಂಡನ್ನಿಗೆ ಬಂದ ಸಸ್ಯಾಹಾರಿ ಮನೆಯ ಹೆಂಗಸರು ಇಂಗ್ಲಿಷಿನಲ್ಲಿ ಮೊದಲು ಗುರುತು ಹಿಡಿಯಲು ಕಲಿಯುವ ಪದಗಳೂ ಇವೇ. ಕಿಂಗ್ಸ್‌ಬರಿಯ ಸುಗುಣಾ ಹಾಗೆಯೇ ಕಲಿತವಳು.

ಸುಗುಣಾ ಮತ್ತು ಅವಳ ಗಂಡ ದೇವದಾಸ ಕುಂದಾಪುರದ ಕಡೆಯವರು. ಟ್ಯೂಬ್ ರೈಲಿನ ಸ್ಟೇಷನ್ನಿನಿಂದ ಸ್ವಲ್ಪ ಮುಂದೆ ಅವರದೊಂದು ಸಣ್ಣ ಹೋಟೆಲು. ದೋಸೆ ಇಡ್ಲಿ ಈಗ ಎಲ್ಲ ಕಡೆ ಸಿಗುತ್ತದೆ. ಇವರಲ್ಲಿಗೆ ಜನ ಬರುತ್ತಿದ್ದದ್ದು ಬನ್ಸ್ ತಿನ್ನಲು. ಬಾಳೆಹಣ್ಣು ಕಿವುಚಿ, ಮೊಸರು, ಸಕ್ಕರೆ, ಜೀರಿಗೆ ಸೇರಿಸಿ ಮೈದಾ ಕಲಸಿಟ್ಟು, ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಪೂರಿಯಂತೆ ಉಬ್ಬುವ ಕರಾವಳಿಯ ಬನ್ಸ್. ಹಿಟ್ಟು ಕಲಸುವುದು ಸುಗುಣಾಳ ಕೆಲಸ. ಅದನ್ನು ಅವಳು ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳಲ್ಲ.

ಅಲ್ಲೇ ಹತ್ತಿರದ ಸ್ಟ್ಯಾನ್ಮೋರಿನಲ್ಲಿ ರಜನಿ ಎಂಬ ಡಾಕ್ಟರು ಇದ್ದಾರೆ, ಮೈಸೂರಿನವರು. ಅವರ ಒಬ್ಬಳೇ ಮಗಳು ಗಾರ್ಗಿ. ತೊಡೆಯ ಮೇಲೆ ಕೂತು ತಿನ್ನುವ ವಯಸ್ಸಿನಿಂದ ಅವಳು ಈ ಹೋಟೆಲಿಗೆ ಬಂದವಳು. ದೊಡ್ಡವಳಾದ ಮೇಲೆ ಶಾಲೆ ಬಿಟ್ಟು ಮನೆಗೆ ಹೋಗುವ ದಾರಿಯಲ್ಲಿ ಟ್ಯೂಬ್ ಇಳಿದು ತಾನೇ ಬರುತ್ತಿದ್ದಳು.

"ಮಾಮಾ, ಟೂ ಬನ್ಸ್ ಪ್ಲೀಸ್!"

"ಇಂಗ್ಲಿಷಲ್ಲಿ ಕೇಳಿದ್ರೆ ಬನ್ಸ್ ಉಬ್ಬೂದಿಲ್ಲ ಮಗಾ. ಕನ್ನಡದಲ್ ಕೇಳ್."

"ಎರಡು ಬನ್ಸ್ ಕೊಡಿ ಮಾಮಾ, ಐಯಾಮ್ ಸ್ಟಾರ್ವಿಂಗ್!"

"ಅರ್ಧ ಕನ್ನಡ. ಒಂದೇ ಬನ್ಸ್," ಎನ್ನುತ್ತಿದ್ದ ದೇವದಾಸ. ಹಾಗೆಂದು ಮೂರು ಕೊಡುತ್ತಿದ್ದ.

ಗಾರ್ಗಿಗೆ ನೆಲಗಡಲೆ ಆಗುತ್ತಿರಲಿಲ್ಲ. ನೀವು ಶೇಂಗಾ ಎನ್ನಿ, ಕಡಲೆಕಾಯಿ ಎನ್ನಿ, ಅದೇ. ಒಂದು ಚೂರು ಬಾಯಿಗೆ ಬಿದ್ದರೂ ಗಂಟಲು ಊದಿ ಉಸಿರು ಕಟ್ಟುತ್ತಿತ್ತು. ದೇವದಾಸ ಅವಳಿಗೋಸ್ಕರ ಅಡುಗೆಮನೆಯಿಂದ ನೆಲಗಡಲೆಯನ್ನೇ ಹೊರಗೆ ಹಾಕಿದ್ದ. "ನಮ್ಮ ಹುಡ್ಗಿಗ್ ಆಗದ್ದು ನಮ್ಮ ಹೋಟ್ಲಿಗೂ ಬೇಡ" ಎಂದು ಚಟ್ನಿಗೆ ಹುರಿಗಡಲೆಯನ್ನಷ್ಟೇ ಹಾಕಿಸುತ್ತಿದ್ದ. ಅಷ್ಟು ಪ್ರೀತಿ ಇದ್ದ ಮನೆಯಲ್ಲಿಯೇ ಅದು ನಡೆದುಹೋಯಿತು.

ಒಂದು ಶುಕ್ರವಾರ ಸಗಟು ಅಂಗಡಿಯಲ್ಲಿ ಮಾಮೂಲಿ ಮೈದಾ ಮುಗಿದಿತ್ತು. ದೇವದಾಸ ಬೇರೊಂದು ಚೀಲ ಹೊತ್ತು ತಂದ. ಫ್ರಾನ್ಸ್ ದೇಶದ್ದು.

"ಸುಗುಣಾ, ಇದ್ರಲ್ಲಿ ಎಗ್ಗು ಗಿಗ್ಗು ಇತ್ತಾ ಕಾಣ್."

ಅವಳು ಕನ್ನಡಕ ಏರಿಸಿ, ಚೀಲಕ್ಕೆ ಅಂಟಿಸಿದ್ದ ಇಂಗ್ಲಿಷ್ ಚೀಟಿಯ ಮೇಲೆ ಬೆರಳಾಡಿಸಿದಳು. ಗೋಧಿ ಹಿಟ್ಟು ಎಂದಿತ್ತು. ಅದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಲೂಪಿನ್ ಎಂದಿತ್ತು. ಕೇಳದ ಹೆಸರು. ಯಾವುದೋ ಕಾಳಿರಬೇಕು, ಕಾಳಾದರೆ ನಮಗೆ ಆಗುವಂಥದ್ದೇ ಎಂದುಕೊಂಡಳು.

"ಎಗ್ಗಿಲ್ಲ. ಹಾಕಿ," ಎಂದಳು.

ನೀಲಿ ಡ್ರಮ್ಮಿನ ತಳದಲ್ಲಿ ಹಳೆಯ ಮೈದಾ ಸ್ವಲ್ಪ ಉಳಿದಿತ್ತು. ಅದರ ಮೇಲೆಯೇ ಹೊಸದನ್ನು ಸುರಿದರು. ಖಾಲಿ ಚೀಲ ಹಿಂಬಾಗಿಲಿನಲ್ಲಿ ಕಾಲೊರಸಾಯಿತು.

ಸೋಮವಾರ ಶಾಲೆ ಬಿಟ್ಟ ಮೇಲೆ ಗಾರ್ಗಿ ಬಂದಳು. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಒಂದು ಬನ್ಸ್ ಮುಗಿಸಿ, ನಾಲಿಗೆಯನ್ನು ಹಲ್ಲಿಗೆ ಉಜ್ಜಿಕೊಳ್ಳುತ್ತ, "ಆಂಟಿ, ಮೈ ಟಂಗ್ ಫೀಲ್ಸ್ ಫನ್ನಿ" ಎಂದಳು.

"ಬಿಸಿ ಬಿಸಿ ನುಂಗಿದ್ರೆ ಮತ್ತೆಂತ ಆಪುದ್? ನೀರ್ ಕುಡಿ ಮಗಾ."

ತುಟಿ ಊದಿತು. ಕತ್ತಿನ ಮೇಲೆ ಕೆಂಪು ದದ್ದು ಎದ್ದಿತು. ಇಂಥವರು ಯಾವಾಗಲೂ ಜೊತೆಗೆ ಇಟ್ಟುಕೊಳ್ಳಬೇಕಾದ ಇಂಜೆಕ್ಷನ್ ಪೆನ್ನುಗಳು ಅವಳ ಬ್ಯಾಗಿನಲ್ಲಿ ಇರಲಿಲ್ಲ. ಮನೆಯಲ್ಲಿದ್ದವು. ಗಾಳಿ ಸಿಗಲಿ ಎಂದು ದೇವದಾಸ ಅವಳನ್ನು ಎಬ್ಬಿಸಿ, ಭುಜ ಹಿಡಿದು ಬಾಗಿಲಿನವರೆಗೆ ನಡೆಸಿದ. ಬಾಗಿಲಲ್ಲಿ ಅವಳು ಕುಸಿದಳು. ಫೋನ್ ಮಾಡಿದ ಮೇಲೆ ಆಂಬ್ಯುಲೆನ್ಸ್ ಬೇಗ ಬಂತು. ಬಂದವರು ಮಾಡಬೇಕಾದ್ದನ್ನೆಲ್ಲ ಮಾಡಿದರು.

ಗಾರ್ಗಿ ಉಳಿಯಲಿಲ್ಲ.

ಆಹಾರ ತಪಾಸಣೆ ಮಾಡುವ ಕೌನ್ಸಿಲ್‌ನವರು ಬಂದು ಡ್ರಮ್ಮಿನಿಂದ ಹಿಟ್ಟು ತೆಗೆದುಕೊಂಡು ಹೋದರು. ಹೋಟೆಲಿಗೆ ಬೀಗ ಬಿತ್ತು. ಹಿಟ್ಟಿನಲ್ಲಿದ್ದ ಲೂಪಿನ್ನೇ ಕಾರಣವೆಂದು ವಿಚಾರಣೆಯಲ್ಲಿ ಗೊತ್ತಾಯಿತು, ಶಿಕ್ಷೆಯಾಯಿತು. ಸುಗುಣಾ ಒಂದು ದಿನ ಸ್ಟ್ಯಾನ್ಮೋರಿಗೆ ಹೋಗಿ ರಜನಿಯವರ ಮನೆಯ ಮುಂದೆ ನಿಂತಳು. ಗಂಟೆ ಒತ್ತಲು ಬೆರಳು ಮೇಲೇಳಲಿಲ್ಲ. ಹಾಗೆಯೇ ತಿರುಗಿ ಬಂದಳು.

ಬಹಳ ತಿಂಗಳಾದ ಮೇಲೆ ಮತ್ತೆ ತೆರೆಯಲು ಅಪ್ಪಣೆ ಸಿಕ್ಕಿತು. ದೇವದಾಸ ಮುಂಬಾಗಿಲಿನ ಗಾಜಿಗೆ ಮತ್ತೆ ತೆರೆಯುತ್ತೇವೆ ಎಂಬ ಬೋರ್ಡು ತೂಗುಹಾಕಿದ, ಹೊಸ ಮೈದಾ ತಂದ, ಅದೇ ಡ್ರಮ್ಮನ್ನು ಎಳೆದು ಅಡುಗೆಮನೆಯ ನಡುವೆ ಇಟ್ಟ.

"ನಾನ್ ಹಿಟ್ಟಿಗ್ ಕೈ ಹಾಕೂದಿಲ್ಲ," ಎಂದಳು ಸುಗುಣಾ.

"ಎಂತಕ್ಕೆ?"

"ಆ ಮಗು ಎಂತದ್ರಿಂದ ಹೋಯ್ತ್ ಅಂತ ನಿಮ್ಗಿನ್ನೂ ತಲೆಗ್ ಹೋಗ್ಲಿಲ್ಲ. ಹೀಗೇ ಬಾಗ್ಲ್ ತೆಗೆದ್ರೆ ಇನ್ನೊಬ್ರ ಮಗುನೂ ಹೋಗ್ತ್."

"ಲೂಪಿನ್ ಅಂತೆ, ಲೂಪಿನ್! ಅಜ್ಜನ ಕಾಲದಿಂದ ಹೋಟ್ಲ್ ಮಾಡಿದ ಮನೆ ನಮ್ದು. ಆ ಹೆಸರು ಯಾರಾದ್ರೂ ಕೇಳಿದ್ರಾ? ನೆಲಗಡ್ಲೆ ಒಂದ್ ಕಾಳ್ ಒಳಗಿರ್ಲಿಲ್ಲ. ಮೈದಾ ಅಂದ್ರೆ ಮೈದಾ ಮಾರಾಯ್ತಿ. ಫ್ರಾನ್ಸಿಂದಾದ್ರೆಂತ, ಇಂಗ್ಲೆಂಡಿಂದಾದ್ರೆಂತ? ಗ್ರಾಚಾರ ನಮ್ದು, ಅಷ್ಟೇ."

"ಗ್ರಾಚಾರ ಅಲ್ಲ ಅದು."

"ಮತ್ತೆ ಬನ್ಸ್ ಇಲ್ದೆ ಹೋಟ್ಲಾ? ಬಂದವ್ರಿಗೆ ಬರೀ ನೀರ್ ಕೊಟ್ಟ್ ಕಳ್ಸೂದಾ?"

"ಕೊಡಿ. ನೀರ್ ಕುಡ್ದ್ ಯಾರೂ ಸಾಯೂದಿಲ್ಲ."

ಅಷ್ಟರಲ್ಲಿ ಮುಂಬಾಗಿಲು ಸದ್ದಾಯಿತು. ಒಳಗೆ ಬಂದವರು ರಜನಿ. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. ಕಿಟಕಿಯ ಕಡೆಗೆ ನೋಡದೆ ನೇರವಾಗಿ ಗಲ್ಲಾಪೆಟ್ಟಿಗೆಯ ಹತ್ತಿರ ಬಂದು ಒಂದು ಕುರ್ಚಿ ಎಳೆದುಕೊಂಡರು. ಗಂಡ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದರು.

"ಬೋರ್ಡ್ ನೋಡ್ದೆ. ಅದಕ್ಕೇ ಬಂದೆ," ಎಂದರು ರಜನಿ.

"ಡಾಕ್ಟ್ರೇ, ದೇವರಾಣೆ, ನೆಲಗಡ್ಲೆ ಈ ಹೋಟ್ಲೊಳಗೆ..."

"ಆಣೆ ಬೇಡ ದೇವದಾಸ್. ಇರಲಿಲ್ಲ ಅಂತ ನಂಗೊತ್ತು. ಕೂತ್ಕೊಳಿ. ಸುಗುಣಕ್ಕ, ನೀವೂ."

ಇಬ್ಬರೂ ಕೂತರು. ಆಮೇಲೆ ರಜನಿ ಮೇಜಿನ ಅಂಚನ್ನು ನೋಡುತ್ತ ಹೇಳತೊಡಗಿದರು.

"ಅವಳ ಹಿಂದೆ ಹೋಗೋಕೆ ನಂಗೆ ದಾರಿ ಇರಲಿಲ್ಲ. ಆ ಹಿಟ್ಟಿನ ಹಿಂದೆ ಹೋದೆ."

ಇಲ್ಲಿಯ ಮಾಮೂಲಿ ಮೈದಾ ಹೇಗೆ ಬರುತ್ತದೆಂದು ನೋಡಲು ಮೊದಲು ಲಂಡನ್ನಿನ ಹೊರಗೆ, ಹರ್ಟ್‌ಫರ್ಡ್‌ಶೈರಿನ ಒಬ್ಬ ರೈತನ ಹತ್ತಿರ ಹೋಗಿದ್ದರಂತೆ. ಇಲ್ಲಿ ಬಹಳ ರೈತರು ಗೋಧಿ ಕೊಯ್ದು ತಮ್ಮ ಶೆಡ್ಡಿನಲ್ಲಿಯೇ ಇಟ್ಟುಕೊಳ್ಳುತ್ತಾರೆ. ವ್ಯಾಪಾರಿ ಕೊಂಡ ಮೇಲೆ ಲಾರಿ ಬಂದು ಮಿಲ್ಲಿಗೆ ಒಯ್ಯುತ್ತದೆ.

"ಲಾರಿ ಜೊತೆ ಒಂದು ಕಾಗದ ಹೋಗುತ್ತೆ. ಯಾರ ಜಮೀನಿಂದು, ಕಣಜದಲ್ಲಿಟ್ಟಾಗ ಏನು ಔಷಧಿ ಹೊಡೆದ್ರು, ಆ ಲಾರೀಲಿ ಹಿಂದೆ ಏನು ಸಾಗಿಸಿದ್ರು, ಎಲ್ಲ ಅದರಲ್ಲಿ. ಅದಕ್ಕೆ ಪಾಸ್‌ಪೋರ್ಟ್ ಅಂತಾನೇ ಹೆಸರು."

"ಗೋಧಿಗೂ ಪಾಸ್‌ಪೋರ್ಟಾ?" ದೇವದಾಸನ ಬಾಯಿಂದ ತಾನಾಗಿ ಬಂತು.

"ಹೂಂ. ನಮಗೆ ಸಿಗೋಕೆ ಎಷ್ಟು ವರ್ಷ ಅಲೆದ್ವಿ. ಅದಕ್ಕೆ ಲಾರಿ ಹತ್ತೋ ಹೊತ್ತಿಗೆ ಸಿಕ್ಕಿರುತ್ತೆ." ರಜನಿಯವರ ತುಟಿ ನಗುವಿನ ಹತ್ತಿರ ಹೋಗಿ ಹಿಂದೆ ಬಂತು.

ಆಮೇಲೆ ಅವರು ಸಮುದ್ರ ದಾಟಿ ಫ್ರಾನ್ಸಿಗೂ ಹೋಗಿದ್ದರು. ಅಲ್ಲಿ ಹೆಚ್ಚಿನ ರೈತರು ಕೊಯ್ಲಾದ ಕೂಡಲೇ ಕಾಳನ್ನು ಊರಿನ ಸಹಕಾರ ಸಂಘಕ್ಕೆ ತಂದು ಸುರಿಯುತ್ತಾರೆ. ಗೋಪುರದಷ್ಟು ಎತ್ತರದ ಕಣಜಗಳು. ಅಲ್ಲಿಂದ ಮಿಲ್ಲಿಗೆ.

"ನಮ್ಮ ಕಡೆ ಹಾಲಿನ ಡೇರಿ ಇದ್ದಂಗೆ. ಎಲ್ಲರ ಹಾಲೂ ಒಂದೇ ಕ್ಯಾನಿಗೆ, ಲೆಕ್ಕ ಸಂಘದ್ದು. ಎಣ್ಣೆಕಾಳಿಗೂ ಅದೇ ದಾರಿ. ಇಲ್ಲಿ ವಸಂತದಲ್ಲಿ ರಸ್ತೆ ಬದಿ ಹಳದಿ ಹೊಲ ನೋಡ್ತೀರಲ್ಲ, ರೇಪ್‌ಸೀಡ್, ಸಾಸಿವೆ ದಾಯಾದಿ. ಅದು ಗೋಧಿ ಥರಾನೇ ಕಾಗದ ಹಿಡ್ಕೊಂಡು ಎಣ್ಣೆ ಮಿಲ್ಲಿಗೆ ಹೋಗುತ್ತೆ. ಫ್ರಾನ್ಸಲ್ಲಿ ಅದರ ಜೊತೆ ಸೂರ್ಯಕಾಂತೀನೂ ತುಂಬ ಬೆಳೀತಾರೆ, ಅದು ಸಂಘದ ಕಣಜ ಹೊಕ್ಕು ಬರುತ್ತೆ."

"ಯಾವ ದೇಶದ್ದ್ ಸರಿ, ಡಾಕ್ಟ್ರಮ್ಮಾ?" ಸುಗುಣಾ ಮೆಲ್ಲನೆ ಕೇಳಿದಳು.

"ಎರಡೂ ಸರಿ ಸುಗುಣಕ್ಕ. ಅದೇ ನನ್ನ ಸಂಕಟ." ರಜನಿ ಮೊದಲ ಸಲ ತಲೆ ಎತ್ತಿದರು. "ನಾನು ಹೋಗಿದ್ದೇ ಬೈಯೋಕೆ. ಯಾರೋ ಒಬ್ಬರು ಮುಚ್ಚಿಟ್ಟಿರ್ತಾರೆ, ಅವರ ಮುಖ ನೋಡಿ ಬೈದು ಬರೋಣ ಅಂತ. ಯಾರೂ ಮುಚ್ಚಿಟ್ಟಿರಲಿಲ್ಲ. ಫ್ರಾನ್ಸಿನ ಕೆಲವು ಮಿಲ್‌ನೋರು ಬ್ರೆಡ್ ಚೆನ್ನಾಗಿ ಬರಲಿ ಅಂತ ಗೋಧಿ ಹಿಟ್ಟಿಗೆ ಲೂಪಿನ್ ಕಾಳಿನ ಹಿಟ್ಟು ಸ್ವಲ್ಪ ಬೆರೆಸ್ತಾರೆ. ಇಲ್ಲಿ ಅದು ಅಪರೂಪ. ಅದಕ್ಕೇ ಅವಳು ಇಷ್ಟು ವರ್ಷ ನಿಮ್ಮ ಕೈಯಡುಗೆ ತಿಂದು ಚೆನ್ನಾಗಿದ್ಲು. ಲೂಪಿನ್ ಅಂದ್ರೆ ಕಡ್ಲೇಕಾಯಿಗೆ ಹತ್ತಿರದ ನೆಂಟ. ಕಡ್ಲೇಕಾಯಿ ಆಗದೋರಲ್ಲಿ ಕೆಲವರಿಗೆ ಅದೂ ಆಗಲ್ಲ."

ದೇವದಾಸ ಅಡುಗೆಮನೆಯ ಡ್ರಮ್ಮಿನ ಕಡೆ ತಿರುಗಿ ನೋಡಿದ.

"ಮಿಲ್ಲಿನೋರು ಚೀಲದ ಮೇಲೆ ಬರೆದ್ರು. ಇಲ್ಲಿಗೆ ತರಿಸಿದೋರು ಇಂಗ್ಲಿಷಲ್ಲಿ ಚೀಟಿ ಅಂಟಿಸಿದ್ರು, ದಪ್ಪ ಅಕ್ಷರದಲ್ಲಿ. ಆ ದೇಶದ ಹೊಲದಿಂದ ಈ ದೇಶದ ಅಂಗಡಿವರೆಗೆ ಒಂದು ಕೈ ಇನ್ನೊಂದು ಕೈಗೆ ಹೇಳ್ಕೊಂಡೇ ಬಂತು ದೇವದಾಸ್. ಈ ಡ್ರಮ್ಮಿನ ಹತ್ತಿರ ಬಂದು ಮಾತು ನಿಂತುಹೋಯ್ತು."

"ನಾನೇ ಓದಿದ್ದೆ," ಎಂದಳು ಸುಗುಣಾ. "ಆ ಶಬ್ದ ಕಣ್ಣಿಗ್ ಬಿದ್ದಿತ್ತ್ ಡಾಕ್ಟ್ರಮ್ಮಾ. ಎಗ್ಗಿಲ್ಲ, ಹಾಕಿ ಅಂದವಳ್ ನಾನೇ."

"ಮನೇಲಿ ನಾನೂ ಅಷ್ಟೇ ನೋಡ್ತಿದ್ದೆ," ಎಂದರು ರಜನಿ. "ಮೊಟ್ಟೆ ಇದೆಯಾ, ಕಡ್ಲೇಕಾಯಿ ಇದೆಯಾ. ಡಾಕ್ಟರ್ ನಾನು. ಅವತ್ತು ಬೆಳಿಗ್ಗೆ ಪೆನ್ನು ತಗೊಂಡ್ಯಾ ಪುಟ್ಟಿ ಅಂತ ಕೇಳಲಿಲ್ಲ. ಹೊರಡೋ ಗಡಿಬಿಡೀಲಿ, ಛತ್ರಿ ತಗೊಂಡ್ಯಾ ಅಂತ ಕೇಳ್ದೆ."

ಹೊರಗೆ ಬಸ್ಸೊಂದು ನಿಂತು, ಜನರನ್ನು ಇಳಿಸಿ ಹೋಯಿತು.

"ಇನ್ನೊಂದು ಹೇಳ್ಬೇಕು. ನಿಮಗೆ ನೋವಾಗುತ್ತೆ, ಆದ್ರೂ ಹೇಳ್ತೀನಿ. ಅಂಥ ಹೊತ್ತಲ್ಲಿ ಎಬ್ಬಿಸಿ ನಡೆಸಬಾರದು. ಮಲಗಿಸಿ ಕಾಲು ಎತ್ತರಕ್ಕಿಡಬೇಕು. ಉಸಿರು ತುಂಬ ಕಷ್ಟವಾದ್ರೆ ಕಾಲು ಚಾಚಿಸಿ ಒರಗಿಸಿ ಕೂರಿಸಬಹುದು, ನಿಲ್ಲಿಸಬಾರದು. ಪೆನ್ನಿದ್ರೆ ತಡ ಮಾಡದೆ ಚುಚ್ಚಿ, ಆಂಬ್ಯುಲೆನ್ಸಿಗೆ 999ಕ್ಕೆ ಫೋನ್ ಮಾಡಬೇಕು. ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ."

ದೇವದಾಸ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಅವಳ ಭುಜ ಹಿಡಿದಿದ್ದ ಕೈಗಳು ಅವು. ವಿಚಾರಣೆಯಲ್ಲಿ ಅಳದವನು, ಬೀಗ ಬಿದ್ದ ದಿನ ಅಳದವನು, ಈಗ ಮೇಜಿಗೆ ಹಣೆ ಹಚ್ಚಿ ಅತ್ತ.

"ಹಾಗಾದ್ರೆ ನಮ್ಮಿಂದ್ಲೇ, ಡಾಕ್ಟ್ರೇ."

"ಹೌದು," ಎಂದರು ರಜನಿ. ಮಾತನ್ನು ಮೆತ್ತಗೆ ಮಾಡಲಿಲ್ಲ. "ಕ್ಷಮಿಸಿದೀನಿ ಅಂತ ಹೇಳೋಕೆ ನಾನು ಬಂದಿಲ್ಲ. ಅದು ನನ್ನ ಕೈಲಿ ಇನ್ನೂ ಆಗಿಲ್ಲ. ಮುಚ್ಚಿ ಅಂತಾನೂ ಹೇಳಲ್ಲ. ಬಾಗಿಲು ತೆಗೆದ್ರೆ ಮಕ್ಕಳು ಬರ್ತಾರೆ. ಇದರಲ್ಲಿ ಏನೇನು ಹಾಕಿದೀರ ಅಂತ ಅವರು ಕೇಳಲ್ಲ, ಕೇಳೋಕೆ ನಾಚಿಕೆ. ಅವರು ಕೇಳೋ ಮೊದಲೇ ನೀವು ಹೇಳಿ. ಅಷ್ಟು ಹೇಳೋಕೆ ಬಂದೆ."

ಸುಗುಣಾ ಕಾಫಿ ಎನ್ನಲು ಬಾಯಿ ತೆರೆದಳು. ರಜನಿ ಬೇಡವೆಂದು ತಲೆಯಾಡಿಸಿ ಎದ್ದರು. ಹೋಗುವಾಗ ಸುಗುಣಾಳ ತೋಳನ್ನು ಒಮ್ಮೆ ಮುಟ್ಟಿದರು. ಅದು ಕ್ಷಮೆಯಲ್ಲ ಎಂದು ಸುಗುಣಾಳಿಗೆ ಗೊತ್ತಿತ್ತು.

ಅವರು ಹೋದ ಮೇಲೆ ದೇವದಾಸ ಎದ್ದು ಡ್ರಮ್ಮನ್ನು ಹಿಂದಕ್ಕೆ ಉರುಳಿಸಿಕೊಂಡು ಹೋಗಿ ತಿಕ್ಕಿ ತೊಳೆದ. ಒಣಗುವ ತನಕ ಪಕ್ಕದಲ್ಲಿಯೇ ಕೂತಿದ್ದ. ಒಳಗೆ ಬಂದು, "ಸುಗುಣಾ, ಈ ಚೀಲದ್ ಚೀಟಿ ಮೊದ್ಲಿಂದ ಓದ್. ಒಂದ್ ಶಬ್ದ ಬಿಡ್ಬೇಡ. ಗೊತ್ತಿಲ್ದಿದ್ ಶಬ್ದ ಬಂದ್ರೆ ಅಲ್ಲೇ ನಿಲ್ಸ್" ಎಂದ.

ಅವಳು ಓದಿದಳು. ಅವನು ಕೇಳಿದ. ಚೀಟಿಯನ್ನು ಕತ್ತರಿಸಿ ಡ್ರಮ್ಮಿಗೆ ಅಂಟಿಸಿದ ಮೇಲೆ ಅವಳು ಬಾಳೆಹಣ್ಣು ಸುಲಿಯಲು ಕೂತಳು.

ಈಗ ಆ ಹೋಟೆಲಿನಲ್ಲಿ ಹಳೆಯ ಹಿಟ್ಟು ಪೂರ್ತಿ ಮುಗಿಯದೆ ಹೊಸದನ್ನು ಸುರಿಯುವುದಿಲ್ಲ. ಎಣ್ಣೆಯ ಡಬ್ಬಕ್ಕೂ ಅದೇ ನಿಯಮ. ಚೀಲ ಬದಲಾದ ದಿನ ಬಾಗಿಲಲ್ಲಿಯೇ ಬರೆದು ಹಾಕುತ್ತಾರೆ. ಬಂದವರನ್ನು ದೇವದಾಸ ಮೊದಲು ಕೇಳುವುದು, "ಎಂತಾದ್ರೂ ಆಗದ್ದ್ ಇತ್ತಾ?" ಎಂದು. ಕೆಲವರು ನಗುತ್ತಾರೆ, ಕೆಲವರು ಬೇಸರಪಡುತ್ತಾರೆ. ಅವನು ಕೇಳುವುದನ್ನು ಬಿಟ್ಟಿಲ್ಲ. ರಜನಿಯವರು ಮತ್ತೆ ಅಲ್ಲಿಗೆ ಬಂದಿಲ್ಲ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ಮೊಟ್ಟೆ ಇಲ್ಲ ಎಂದ ಮಾತ್ರಕ್ಕೆ ಎಲ್ಲರಿಗೂ ಆಗುತ್ತದೆ ಎಂದಲ್ಲ. ಹಿಟ್ಟೂ ಎಣ್ಣೆಯೂ ದೇಶದಿಂದ ದೇಶಕ್ಕೆ ಬೇರೆ ಬೇರೆ ಕೈ ದಾಟಿ ಬರುತ್ತವೆ, ಜೊತೆಗೆ ಬೇರೆ ಬೇರೆ ಕಾಳು ಸೇರಿರುತ್ತವೆ. ಇಲ್ಲಿಯ ಚೀಟಿಗಳಲ್ಲಿ ದಪ್ಪ ಅಕ್ಷರದಲ್ಲಿ ಅಥವಾ ಎದ್ದು ಕಾಣುವಂತೆ ಬರೆದ ಹೆಸರುಗಳು ಅದಕ್ಕಾಗಿಯೇ ಇವೆ. ಅರ್ಥವಾಗದ ಹೆಸರು ಕಂಡರೆ ಅಂಗಡಿಯವರನ್ನು ಕೇಳಿ, ಮಕ್ಕಳನ್ನು ಕೇಳಿ, ನಿಮ್ಮ ಜಿಪಿ ಡಾಕ್ಟರನ್ನು ಕೇಳಿ. ಅಲರ್ಜಿ ಇರುವ ಮಕ್ಕಳು ಮನೆಯಿಂದ ಹೊರಡುವಾಗ ಎರಡೂ ಇಂಜೆಕ್ಷನ್ ಪೆನ್ನು ಬ್ಯಾಗಿನಲ್ಲಿವೆಯೇ ಎಂದು ದಿನವೂ ನೋಡಿ, ಗುರುತಿನವರ ಮನೆಗೆ ಹೋಗುವುದಾದರೂ ನೋಡಿ.

ಈಗಲೇ ಎದ್ದು ನಿಮ್ಮ ಅಡುಗೆಮನೆಗೆ ಹೋಗಿ ಒಂದು ಡಬ್ಬಿಯ ಮುಚ್ಚಳ ತೆಗೆಯಿರಿ. ಒಳಗಿರುವುದು ಯಾವ ಚೀಲದ್ದು, ಅದರಲ್ಲಿ ಏನೇನು ಸೇರಿದೆ ಎಂದು ಹೇಳಲು ನಿಮಗೆ ಬರುತ್ತದೆಯೇ? ಬರುವುದಿಲ್ಲವಾದರೆ, ಅದನ್ನು ಇನ್ನೊಬ್ಬರ ಮಗುವಿಗೆ ಬಡಿಸಬೇಡಿ.