ಹಂದಿಗೆ ಕಟ್ಟಿದ ತಂತಿ

ಚಿಕ್ಕೇರೂರಿನ ಹೊಲದಂಚಿನ ಮನೆಯ ಕಟ್ಟೆಯ ಮೇಲೆ ಕುಳಿತು ಸಮತಾ ಗಟ್ಟಿಯಾಗಿ ಓದುತ್ತಿದ್ದಳು. ಮರಣದಂಡನೆಯ ಬಗ್ಗೆ ಹಾನಗಲ್ಲಿನ ಕಾಲೇಜಿನಲ್ಲಿ ಅವಳು ಮಾತಾಡಬೇಕಿತ್ತು. ಎದುರಿಗೆ ಅಪ್ಪ ಉಡಚಪ್ಪ ಚಹಾ ಕುಡಿಯುತ್ತಿದ್ದ.

"ನೇಣು ಭಾಳ ಕ್ರೂರ ಅಂತ ಅಮೆರಿಕದಾಗ ಕರೆಂಟಿನ ಕುರ್ಚಿ ತಂದ್ರು ಅಪ್ಪಾ. ಮೊದಲು ನಾಯಿ, ಕರ, ಕುದುರಿ ಮ್ಯಾಲೆ ಕರೆಂಟ್ ಬಿಟ್ಟು ನೋಡಿದ್ರು. ಆಮ್ಯಾಲೆ ಮನಶ್ಯಾನ ಕುಂದ್ರಿಸಿದ್ರು. ಮೊದಲನೇದಾವ ಒಂದ ಸಲಕ್ಕ ಸಾಯಲಿಲ್ಲ. ಮತ್ತೊಮ್ಮೆ ಕರೆಂಟ್ ಬಿಟ್ರು."

"ಕರೆಂಟಿನ ಸಾವು ಗೊತ್ತಾಗಂಗಿಲ್ಲ ಬಿಡು."

"ಸತ್ತಾವ ಬಂದು ಹೇಳ್ಯಾನೇನು?"

ಮಾತು ಎಲ್ಲಿಗೆ ಹೊರಟಿದೆಯೆಂದು ಉಡಚಪ್ಪನಿಗೆ ಗೊತ್ತಿತ್ತು. ಕಾಡುಹಂದಿಗಳ ಕಾಟ ತಾಳಲಾರದೆ ಅವನು ಪಂಪಿನ ಮನೆಯಿಂದ ತಂತಿಬೇಲಿಗೆ ಕರೆಂಟು ಕೊಟ್ಟಿದ್ದ. ಹೊಲದ ಕರೆಂಟು ಬರುವುದು ಪಾಳಿಯ ಮೇಲೆ. ಈಗ ರಾತ್ರಿ ಪಾಳಿ. ಅಪರಾತ್ರಿಯಲ್ಲಿ ಯಾರೇಳಬೇಕೆಂದು ಊರವರೆಲ್ಲ ಸ್ವಿಚ್ಚು ಹಾಕಿಯೇ ಬಿಟ್ಟಿರುತ್ತಾರೆ. ಕರೆಂಟು ಬಂದಾಗ ಮೋಟಾರು ತಾನಾಗಿಯೇ ಶುರುವಾಗುತ್ತದೆ. ಉಡಚಪ್ಪ ಬೇಲಿಯನ್ನೂ ಹಾಗೆಯೇ ಬಿಟ್ಟಿದ್ದ.

"ದಿನಾ ಬುದ್ಧನ ಮುಂದ ನಿಂತು ಜೀವಹಿಂಸಾ ಮಾಡಂಗಿಲ್ಲ ಅಂತಿ," ಎಂದಳು ಮಗಳು.

"ಅದನ್ನ ಹಂದಿಗೆ ಹೋಗಿ ಹೇಳು! ಅರ್ಧ ಹೊಲದ ಗೋವಿನಜೋಳ ತಿಂದು ಹೋಗ್ಯಾವು. ನಾವೇನು ಮಣ್ಣು ತಿನ್ನೂಣೇನು?"

ಅವನ ಸಿಟ್ಟು ಸುಳ್ಳಲ್ಲ. ಆ ಪೈರಿಗಾಗಿ ಅವನು ಬೆನ್ನು ಮುರಿದುಕೊಂಡಿದ್ದ. ಸಮತಾಳಿಗೂ ಅದು ಗೊತ್ತು, ಆದರೂ ಬಿಡಲಿಲ್ಲ.

"ಅಲ್ಲಿ ಕರೆಂಟ್ ಬಿಡಾಕ ಒಬ್ಬ ಮನಶ್ಯಾನರ ನಿಂತಿರ್ತಿದ್ದ ಅಪ್ಪಾ. ಯಾರನ್ನ ಕೊಲ್ಲಾಕತ್ತೇನಿ ಅಂತ ಅವಂಗ ಗೊತ್ತಿರ್ತಿತ್ತು."

ಉಡಚಪ್ಪ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಹೊಲದ ಮೋಟಾರು ಗುಂಯ್ ಎಂದಿತು. ಇನ್ನೂ ಬಿಸಿಲಿತ್ತು. ಹೇಳದೆ ಕೇಳದೆ ಪಾಳಿ ಬದಲಾಗಿತ್ತು.

"ಅಪ್ಪಾ, ಬಾಜೂ ಮನಿ ಕುಲಸುಮಬಿ ಈಗರ ಹುಲ್ಲಿಗೆ ಹೋದ್ಲು. ನಮ್ಮ ಬದುವಿಗೆ!"

ಚಹಾದ ಬಟ್ಟಲು ಉರುಳಿತು. ಉಡಚಪ್ಪ ಓಡಿದ. ಪಂಪಿನ ಮನೆಗೆ ನುಗ್ಗಿ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆಳೆದು, ಹೊರಬಂದು ನೋಡಿದ.

ಬೇಲಿಯಾಚೆ ಕುಲಸುಮಬಿ ಬಗ್ಗಿ ನಿಂತಿದ್ದಳು. ಅವಳ ಕೈ ತಂತಿಯ ಮೇಲಿತ್ತು. ಅವಳು ಅಲುಗಾಡಲಿಲ್ಲ. ನಿಂತಿದ್ದಾಳೋ, ಅಂಟಿಕೊಂಡಿದ್ದಾಳೋ?

ಅವಳು ತಲೆಯೆತ್ತಿದಳು.

"ಯಾಕ್ರೀ ಅಣ್ಣಾ, ಹಿಂಗ ಓಡಿ ಬಂದ್ರಿ? ಕಾಲಾಗ ಮುಳ್ಳು ಮುರದೈತಿ, ಈಗರ ಬೇಲಿ ಹಿಡ್ಕೊಂಡು ನಿಂತೆ. ತಗದು ದಾಟಿ ಬರ್ತೇನಿ ತಡೀರಿ."

ಹಂದಿ ಕಂಡಿತ್ತು ಅಂದಿದ್ದರೆ ಸಾಕಿತ್ತು, ಅವಳು ನಂಬುತ್ತಿದ್ದಳು. ಹಿಂದೆಯೇ ಓಡಿಬಂದ ಮಗಳು ಏದುಸಿರು ಬಿಡುತ್ತ ಅಪ್ಪನನ್ನೇ ನೋಡುತ್ತಿದ್ದಳು.

"ಆ ತಂತ್ಯಾಗ ಕರೆಂಟ್ ಇತ್ತು ಕುಲಸುಮಬಿ. ಹಂದಿಗಂತ ನಾನ ಬಿಟ್ಟಿದ್ದೆ. ಈಗ ತಗದೇನಿ."

ಕುಲಸುಮಬಿ ಮೆಲ್ಲಗೆ ಕೈ ಹಿಂತೆಗೆದುಕೊಂಡಳು. ಅಂಗೈ ನೋಡಿಕೊಂಡಳು. ಆಮೇಲೆ ಅವನನ್ನು ನೋಡಿದಳು.

"ಅಣ್ಣಾ ಅಂತಿದ್ನೆಲ್ರೀ ನಿಮಗ," ಎಂದಳು.

ಉಡಚಪ್ಪ ಪಂಪಿನ ಮನೆಯಿಂದ ಬಂದ ತಂತಿಯನ್ನು ಬೇಲಿಯಿಂದ ಬಿಚ್ಚಿ, ಅವಳ ಕಣ್ಣೆದುರೇ ಸುರುಳಿ ಸುತ್ತತೊಡಗಿದ. ಸಮತಾ ಇನ್ನೊಂದು ತುದಿ ಹಿಡಿದಳು. ಪೂರ್ತಿ ಸುತ್ತುವವರೆಗೂ ಕುಲಸುಮಬಿ ನಿಂತು ನೋಡಿದಳು. ಬಳಿಕ ಹುಲ್ಲಿನ ಹೊರೆ ಹೊತ್ತು, ಬೇಲಿ ದಾಟದೆ, ಕುಂಟುತ್ತ ದೂರದ ಬಳಸುದಾರಿ ಹಿಡಿದಳು.