ಆಡು ಸಾಮಾನೋ, ಪ್ಯಾಸೆಂಜರೋ?

ಟಿಕೋಟಾದ ಸಮ್ರೀನ ವಿಜಯಪುರದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಕನ್ನಡ ಕಲಿಸುವ ಸುಮಂಗಲಾ ಮೇಡಂ ಒಂದು ಪ್ರಬಂಧ ಬರೆಯಲು ಹೇಳಿದ್ದರು. ಎರಡು ಉದ್ಯೋಗಗಳಿಗೆ ವ್ಯಾಖ್ಯೆ ಕೊಟ್ಟು, ಹೋಲಿಸಿ, ತನಗೆ ಯಾವುದು ಒಪ್ಪುತ್ತದೆ ಅಂತ ಬರೆಯಬೇಕು.

ತಾಯಿ ಬಾನುಬಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. "ಟೀಚರ್ ಆಗು. ಮುಗೀತು."

"ಟೀಚರ್ ಅಂದ್ರ ಏನು ಅಮ್ಮಿ? ವ್ಯಾಖ್ಯೆ ಹೇಳು."

"ಮುಂಜಾನೆ ಹೋಗೂದು, ಹೊತ್ತು ಮುಳುಗೂದ್ರಾಗ ಮನಿಗೆ ಬರೂದು."

"ನಮ್ಮ ಎಮ್ಮಿನೂ ಹಂಗ ಮಾಡ್ತದಲ್ಲ?"

ಬಾನುಬಿಗೆ ಸಿಟ್ಟು ಬಂತು. ಬಬಲೇಶ್ವರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದ ತನ್ನ ತಂಗಿ ಸಬೀರಾಳ ಹತ್ತಿರ ಮಗಳನ್ನು ಕಳಿಸಿದಳು. ನೋಡಿಯಾದರೂ ಬುದ್ಧಿ ಬರಲಿ ಅಂತ.

ಸಬೀರಾ ಖಾಲಾ ಅವಳನ್ನು ಮೂರನೇ ತರಗತಿಯ ಮುಂದೆ ನಿಲ್ಲಿಸಿ ಚಹಾಕ್ಕೆ ಹೋದಳು. ಸಮ್ರೀನ ಉತ್ಸಾಹದಿಂದ ನಾಮಪದ ಹೇಳಿಕೊಟ್ಟಳು. "ಇರೋ ವಸ್ತುವಿನ ಹೆಸರು ನಾಮಪದ."

"ಟೀಚರ್, ದೆವ್ವ ನಾಮಪದ ಏನ್ರಿ?" ಅಂತ ಒಂದು ಹುಡುಗಿ ಕೇಳಿದಳು.

"ಹೌದು."

"ಹಂಗಾದ್ರ ದೆವ್ವ ಐತ್ರಿ?"

ಇಡೀ ತರಗತಿ ಚೀರಿಕೊಂಡು ಬೆಂಚಿನ ಕೆಳಗೆ ಸೇರಿತು. ಸಬೀರಾ ಕಪ್ಪು ಹಿಡಿದುಕೊಂಡೇ ಓಡಿ ಬಂದಳು. "ನೀ ಮನಿಗೆ ನಡಿಯವ್ವಾ," ಅಂದಳು.

ಸಪ್ಪೆ ಮುಖ ಮಾಡಿಕೊಂಡು ಸಮ್ರೀನ ತನ್ನ ಮಾಮಾ ಅಯೂಬನ ಬಾಡಿಗೆ ಜೀಪು ಹತ್ತಿದಳು. ಅವತ್ತು ಸಂತೆ. ಜೀಪು ತುಂಬಿತ್ತು. ಬಿಜ್ಜರಗಿಯ ಹುಲಿಗೆವ್ವ ಆಗಷ್ಟೇ ಕೊಂಡ ಆಡಿನ ಮರಿಯನ್ನು ಸೀಟಿನ ಮೇಲೆ ಕೂರಿಸಿದ್ದಳು. ಕೊತ್ತಂಬರಿ ಸಿವುಡು ಹಿಡಿದ ರಾಜಾರಾಮ ಎಂಬ ಮುದುಕ ಕೂರಲು ಜಾಗವಿಲ್ಲದೆ ಹಿಂದೆ ನೇತಾಡುತ್ತಿದ್ದ.

"ಆಯಿ, ಆಡು ಸಾಮಾನು. ಮ್ಯಾಲ ಕಟ್ತೇನಿ," ಅಂದ ಅಯೂಬ.

"ಸಾಮಾನು ಒದರತದೇನೋ? ಜೀವ ಐತಿ ಅದಕ್ಕ. ಪ್ಯಾಸೆಂಜರ್ ಅದು!"

"ನನಗೂ ಜೀವ ಐತ್ರಿ," ಅಂದ ರಾಜಾರಾಮ.

ಜಗಳ ಜೋರಾಯಿತು, ಜೀಪು ಹೊರಡಲೇ ಇಲ್ಲ. ಸಮ್ರೀನಳಿಗೆ ತಡೆಯಲಾಗಲಿಲ್ಲ.

"ನಿಲ್ಲರಿ ಸ್ವಲ್ಪ. ಸಾಮಾನು ಅಂದ್ರ ಇಟ್ಟಲ್ಲೇ ಇರೂದು. ಆಡು ಇರಂಗಿಲ್ಲ, ಅದಕ್ಕ ಅದು ಸಾಮಾನಲ್ಲ. ಪ್ಯಾಸೆಂಜರ್ ಅಂದ್ರ ಎಲ್ಲಿ ಇಳೀಬೇಕು ಅಂತ ತಾನ ಹೇಳಾವ. ಆಡು ಹೇಳಂಗಿಲ್ಲ. ಹೋಲಿಸಿ ನೋಡಿದ್ರ ಇದು ಕೈಗೂಸಿನಂಗ. ಕೂಸಿಗೆ ಸೀಟೂ ಇಲ್ಲ, ಅದನ್ನ ಮ್ಯಾಲ ಕಟ್ಟೂದೂ ಇಲ್ಲ. ತಾಯಿ ತೊಡಿಮ್ಯಾಲ ಕೂಡತದ."

ಜೀಪಿನಲ್ಲಿದ್ದವರೆಲ್ಲ "ಖರೇ ಐತಿ" ಅಂದರು. ಹುಲಿಗೆವ್ವ ಗೊಣಗುತ್ತ ಮರಿಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ರಾಜಾರಾಮ ಪಕ್ಕದಲ್ಲಿ ಕೂತ. ಮರಿ ಕೂಡಲೇ ಅವನ ಕೊತ್ತಂಬರಿಗೆ ಬಾಯಿ ಹಾಕಿತು.

"ಇದಕ್ಕೇನಂತಾರ ತಂಗಿ?" ಅಂತ ಅವನು ಕೂಗಿದ.

"ನುಕ್ಸಾನ ಅಂತಾರ್ರಿ. ಅದರ ತಾಯಿ ಜವಾಬ್ದಾರಿ."

"ಯಾರ್ಲೇ ತಾಯಿ?" ಅಂತ ಹುಲಿಗೆವ್ವ ಎದ್ದೇ ಬಿಟ್ಟಳು. ಜೀಪು ನಗೆಯಿಂದ ಅಲುಗಾಡಿತು. ಕೊನೆಗೆ ಅವಳೂ ನಕ್ಕು, ತನ್ನ ಚೀಲದಿಂದ ಒಂದು ಸಿವುಡು ಮೆಂತ್ಯೆ ತೆಗೆದು ಮುದುಕನಿಗೆ ಕೊಟ್ಟಳು.

"ನೀ ವಕೀಲಕಿ ಮಾಡು," ಅಂದ ಅಯೂಬ, ಗೇರ್ ಹಾಕುತ್ತ. ಸಮ್ರೀನ ಟಿಕೋಟಾ ಬರುವವರೆಗೂ ಅದನ್ನೇ ಯೋಚಿಸಿದಳು. ಶಾಲೆಯಲ್ಲಿ ಎಡವಿದ ವ್ಯಾಖ್ಯೆ ಜೀಪಿನಲ್ಲಿ ಗೆದ್ದಿತಲ್ಲ ಅಂತ ಅವಳಿಗೆ ಆಶ್ಚರ್ಯವಾಗಿತ್ತು.

ಪ್ರಬಂಧದಲ್ಲಿ ಟೀಚರನ್ನೂ ವಕೀಲರನ್ನೂ ಹೋಲಿಸಿ, ತನಗೆ ವಕೀಲಕಿಯೇ ಒಪ್ಪುತ್ತದೆ ಅಂತ ಬರೆದಳು. ಮೇಡಂ ಮೆಚ್ಚಿದರು. ಬಾನುಬಿ ಮೆಚ್ಚಲಿಲ್ಲ. "ವಕೀಲ ಅಂದ್ರ ಸುಳ್ಳು ಹೇಳಾವ," ಅಂತ ಮಗಳ ಜೊತೆ ಮಾತು ಬಿಟ್ಟಳು.

ಅಷ್ಟರಲ್ಲಿ ಬಾನುಬಿಯ ಅಣ್ಣ ಗುಡುಸಾಬನಿಗೂ ಪಕ್ಕದ ಹೊಲದವನಿಗೂ ಬದುವಿನ ತಂಟೆ ಬಿತ್ತು. ಅವನು ಬಂದು ಗೋಳಾಡಿದಾಗ ಬಾನುಬಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ನೀ ಯಾರ ಕಾಲೂ ಹಿಡೀಬ್ಯಾಡ ಭಾಯಿ. ನಮ್ಮ ಸಮ್ರೀನ ವಕೀಲ ಆಗಾಕತ್ತಾಳ. ಅಕಿನ ನೋಡ್ಕೋತಾಳ."

"ಯಾವಾಗ ಆಗ್ತಾಳ?"

"ಇನ್ನ ಮೂರು ವರ್ಸ."

ಗುಡುಸಾಬ ಗೋಡೆಗೆ ಒರಗಿ ಕಾಲು ಚಾಚಿ ಕೂತ. "ಹಂಗಾದ್ರ ಮೊದಲ ಚಾ ಇಡು," ಅಂದ.